ಮೂಲೆ ಮಡಚಿದ ಪುಟ

ಆ ಪುಸ್ತಕ ಅಲ್ಲಿ ಇರದಿದ್ದರೆ ಸಾಕು ಎಂದುಕೊಳ್ಳುತ್ತಲೇ ಯಶೋಧಾ ಮೆಟ್ಟಿಲು ಹತ್ತಿದಳು. ದೇವರಾಜ ಮೊಹಲ್ಲಾದ ಒಂದು ಹಗ್ಗದಂಗಡಿಯ ಮೇಲಿನ ಮಹಡಿಯಲ್ಲಿ ಷಡಕ್ಷರಿಯವರ ಬಾಡಿಗೆ ಪುಸ್ತಕಗಳ ಲೈಬ್ರರಿ. ಅರ್ಧ ಮೆಟ್ಟಿಲಿನ ತನಕ ತೆಂಗಿನ ನಾರಿನ ವಾಸನೆ, ಅಲ್ಲಿಂದ ಮೇಲೆ ಹಳೆಯ ಕಾಗದದ ವಾಸನೆ. ಎರಡೂ ಬೆರೆಯುವ ಕಡೆ ಅವಳು ಯಾವಾಗಲೂ ಒಂದು ಗಳಿಗೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಈವತ್ತು ನಿಂತದ್ದು ಉಸಿರಿಗಲ್ಲ. ಯಾರಾದರೂ ತೆಗೆದುಕೊಂಡು ಹೋಗಿರಬಹುದು, ಗೆದ್ದಲು ಹಿಡಿದಿರಬಹುದು, ಷಡಕ್ಷರಿಯವರು ಕೊನೆಗೂ ಬೇಸತ್ತು ರದ್ದಿಗೆ ಹಾಕಿರಬಹುದು. ಐವತ್ತು ವರ್ಷದ ಹಿಂದೆ ಗಂಟುಮೂಟೆ ಕಟ್ಟಿಕೊಂಡು ಹೋದ ಇಂಗ್ಲಿಷರ ಯುದ್ಧದ ಕಥೆಯನ್ನು ಬಾಡಿಗೆ ಕೊಟ್ಟು ಓದುವ ಹುಚ್ಚು ಮೈಸೂರಿನಲ್ಲಿ ಎಷ್ಟು ಜನಕ್ಕಿದ್ದೀತು? ಅವಳಿಗೆ ಗೊತ್ತಿದ್ದ ಮಟ್ಟಿಗೆ ಒಬ್ಬಳಿಗೆ, ಅದು ಅವಳಿಗೇ. ಆದ್ದರಿಂದ ಪುಸ್ತಕ ಇದ್ದೇ ಇರುತ್ತದೆ ಎಂಬುದೂ ಗೊತ್ತಿತ್ತು.

“ಬನ್ನಿ ಮೇಡಂ,” ಎಂದರು ಷಡಕ್ಷರಿ, ಹಣೆಯ ವಿಭೂತಿ ಅಳಿಸದಂತೆ ಕತ್ತನ್ನು ಮಾತ್ರ ಒರೆಸಿಕೊಳ್ಳುತ್ತ. “ಲವ್ ಸ್ಟೋರಿ ಹೊಸಾದು ಬಂದಿದೆ. ನಿಮಗೇಂತ ಎತ್ತಿಟ್ಟಿದೀನಿ. ಮೇಜರ್ ಸಾಹೇಬ್ರು ಹೇಗಿದಾರೆ?”

“ಇದ್ದಾರೆ ಸರ್.”

ಅಪ್ಪ ಚಿಕ್ಕಬಸವಯ್ಯ ಮೇಜರ್ ಅಲ್ಲ, ಸಿಪಾಯಿಯೂ ಸರಿಯಾಗಿ ಅಲ್ಲ. ಯುದ್ಧದ ಕಾಲದಲ್ಲಿ ಬರ್ಮಾ ಗಡಿಯ ಗುಡ್ಡಗಳಲ್ಲಿ ಗುದ್ದಲಿ ಹಿಡಿದು ರಸ್ತೆ ಮಾಡಿದ ಪಯೋನಿಯರ್ ಕಂಪನಿಯ ಆಳು. ಆಮೇಲೆ ರೈಲ್ವೆಯಲ್ಲಿ ಖಲಾಸಿ. ಮೊದಲ ಸಲ ಅವಳು ಮಿಲಿಟರಿ ಪುಸ್ತಕ ತೆಗೆದುಕೊಂಡ ದಿನ ಷಡಕ್ಷರಿ, “ಯಾರಿಗೆ, ಯಜಮಾನರಿಗಾ?” ಎಂದಿದ್ದರು. “ಅಪ್ಪನಿಗೆ.” “ಓ, ತಂದೆಯವರು ಆರ್ಮೀಲಿ ಇದ್ರಾ? ಮೇಜರ್ರಾ?” ಕೌಂಟರಿನ ಬಳಿ ಕೋಟು ತೊಟ್ಟ ಮುದುಕರೊಬ್ಬರು ಪುಸ್ತಕದಿಂದ ತಲೆಯೆತ್ತಿ ಅವಳನ್ನು ಕಾಲಿನಿಂದ ತಲೆಯ ತನಕ ನೋಡಿದ್ದರು. ಆ ನೋಟ ಅವಳಿಗೆ ಹೊಸದಲ್ಲ. ಇವಳು ಯಾರ ಪೈಕಿ ಎಂದು ಅಂದಾಜು ಹಾಕುವ ನೋಟ. ಅವಳು ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಅಂದಿನಿಂದ ಅಪ್ಪ ಈ ಮಹಡಿಯ ಮೇಲೆ ಮೇಜರ್ ಆಗಿದ್ದಾರೆ. ಸುಳ್ಳು ಹೇಳುವುದಕ್ಕೆ ಬಾಯಿ ಬಿಡಬೇಕಾಗಿಲ್ಲ ಎಂದು ಅವಳು ಕಲಿತದ್ದು ಇಲ್ಲೇ. ಬಾಯಿ ಬಿಟ್ಟು ಹೇಳಿದ್ದು ಆಮೇಲೆ, ಮನೆಯಲ್ಲಿ.

ಕಪಾಟುಗಳು ಮೂರು ಗೋಡೆಗೆ. ಯಾವುದೋ ಬಂಗಲೆ ಖಾಲಿ ಮಾಡುವಾಗ ಷಡಕ್ಷರಿ ಗಾಡಿಗಟ್ಟಲೆ ಒಟ್ಟಿಗೆ ಕೊಂಡು ತಂದಿದ್ದರು: ರಾಜರಾಣಿಯರ ಬ್ರಿಟಿಷ್ ಇತಿಹಾಸ ಮೇಲಿನ ಹಲಗೆಯಲ್ಲಿ, ಚಿನ್ನದ ಅಕ್ಷರ, ಕೈ ತಾಗದ ಧೂಳು, ನಡುವೆ ರೆಜಿಮೆಂಟುಗಳ ಚರಿತ್ರೆ, ಜನರಲ್ಲುಗಳ ನೆನಪು, ಮೆಸ್ಸಿನ ಕಥೆಗಳು, ಕೆಳಗೆ, ಬಗ್ಗಿ ತೆಗೆಯಬೇಕಾದ ಕಡೆ, ಎಲ್ಲರಿಗೂ ಬೇಕಾದ ಪ್ರೇಮ ಮತ್ತು ಕೊಲೆ. ಅವುಗಳ ಬೆನ್ನು ಸವೆದು ಹೋಗಿತ್ತು. ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ಒಬ್ಬೊಬ್ಬ ಗಿರಾಕಿಯೂ ಒಳಗೆ ಎಲ್ಲೋ ಕಳ್ಳ ಗುರುತು ಮಾಡಿರುತ್ತಿದ್ದ: ಒಂದು ಗೀಟು, ಒಂದು ಸುನ್ನೆ. ಅವಳದು ಪುಟಸಂಖ್ಯೆಯ ಕೆಳಗೆ ಒಂದು ಚುಕ್ಕೆ. ಲೈಬ್ರರಿಯ ಒಂದು ಚೀಟಿಗೆ ಎರಡು ಪುಸ್ತಕ. ಒಂದು ಅಪ್ಪನಿಗೆ, ಒಂದು ತನಗೆ. ತನ್ನದನ್ನು ಆರಿಸಲು ಕಣ್ಣು ಮುಚ್ಚಿ ಕೈ ಹಾಕಿದರೂ ಆದೀತು, ಅಪ್ಪನದು ಹಾಗಲ್ಲ. ಹಿಂದಿನ ಪುಟ ತಿರುವಿ ಪದಸೂಚಿಯಲ್ಲಿ ಮೈಸೂರು ಹುಡುಕಬೇಕು, ಪಯೋನಿಯರ್ ಹುಡುಕಬೇಕು, ರಸ್ತೆ ಹುಡುಕಬೇಕು. ಮೈಸೂರು ಸಿಕ್ಕಿದರೆ ಅದು ಟಿಪ್ಪುವಿನ ಮೈಸೂರು, ಇಲ್ಲವೇ ಮಹಾರಾಜರ ಆನೆ. ಒಂದು ಪುಸ್ತಕದಲ್ಲಿ ‘ಕೂಲಿಗಳು, ಭಾರತೀಯ’ ಎಂದಿತ್ತು. ಆತುರದಿಂದ ಮುಂದೆ ಓದಿದಳು. ‘ನೋಡಿ: ಸಾಮಾನು ಸಾಗಣೆ’ ಎಂದಿತ್ತು. ಆ ದಿನ ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವಳಿಗೆ ಯಾರೋ ಎಲ್ಲರೆದುರಿಗೆ ಪಕ್ಕಕ್ಕೆ ಸರಿ ಎಂದು ತಳ್ಳಿದಷ್ಟು ಅವಮಾನವಾಗಿತ್ತು.

ಅಪ್ಪನಿಗೆ ಕಣ್ಣು ಹೋದ ಮೇಲೆ ಶುರುವಾದದ್ದು ಇದು. ಒಂಟಿಕೊಪ್ಪಲಿನ ಬಾಡಿಗೆ ಮನೆಯ ಹಜಾರದಲ್ಲಿ, ಬಾಬಾಸಾಹೇಬರ ಪಟದ ಕೆಳಗಿನ ಬೆತ್ತದ ಕುರ್ಚಿಯಲ್ಲಿ ಕೂತು, ಬೇರೆ ಮುದುಕರು ರೇಡಿಯೋ ಕೇಳುವ ಹೊತ್ತಿನಲ್ಲಿ ಅವರು ಅವಳನ್ನು ಕೇಳಿದರು: “ಯಶೋ, ಇಂಗ್ಲಿಷ್ನೋರು ಬರ್ದಿರೋ ಪುಸ್ತಕದಾಗೆ ನಮ್ ಕಂಪನಿ ವಿಚಾರ ಇರ್ತದೆ. ವಸಿ ನೋಡು.” ಹೇಗೆ ಗೊತ್ತು ಎಂದರೆ, ಅವರ ಕ್ಯಾಪ್ಟನ್. “ದಿನಾ ಸಂಜೆ ಪೆಟ್ಗೆ ಮ್ಯಾಲೆ ಕುಂತ್ಕಂಡು ಬರೀತಿದ್ದ ಕಣವ್ವ. ನಮ್ ಕಡೆ ನೋಡೋದು, ಬರಿಯೋದು. ನಮ್ಮನ್ನ ನೋಡಿ ನಮ್ ವಿಚಾರ ಬರೀದೆ ಇನ್ನೇನ್ ಬರ್ದಾನು?” ಇನ್ನೇನು ಬರೆದಾನು ಎಂಬುದಕ್ಕೆ ಹೆಂಡತಿಗೆ ಕಾಗದ ಎಂದು ಒಂದೇ ಮಾತಿನ ಉತ್ತರವಿತ್ತು; ಯಶೋಧಾ ಹೇಳಲಿಲ್ಲ. ಕಡಕೊಳದ ಫ್ಯಾಕ್ಟರಿಯ ಆಫೀಸಿನಲ್ಲಿ ದಿನವಿಡೀ ಟೈಪು ಮಾಡಿ ಬಂದು, ಮುದ್ದೆ ಕಟ್ಟಿ, ಅಪ್ಪನ ಎದುರು ಕೂತು ಇಂಗ್ಲಿಷನ್ನು ಬಾಯಲ್ಲೇ ಕನ್ನಡ ಮಾಡಿ ಓದುತ್ತಿದ್ದಳು. ಜನರಲ್ಲುಗಳು ಸಿಟ್ಟಾಗುತ್ತಿದ್ದರು, ಸಿಟ್ಟು ಇಳಿಯುತ್ತಿತ್ತು. ಪುಸ್ತಕ ಮುಗಿದಾಗ ಅಪ್ಪ, “ಇದ್ರಲ್ಲೂ ಇಲ್ವಾ?” ಎನ್ನುತ್ತಿದ್ದರು. ಇಲ್ಲ ಎಂದರೆ, “ಇರ್ಲಿ ಬುಡು, ಬೇರೆದ್ರಲ್ಲಿ ಇರ್ತದೆ,” ಎಂದು ಅವಳಿಗೇ ಸಮಾಧಾನ ಹೇಳುತ್ತಿದ್ದರು. ಆ ಸಮಾಧಾನವನ್ನು ತಾಳಿಕೊಳ್ಳುವುದು ಕಷ್ಟ. ಬೈದಿದ್ದರೆ ಚೆನ್ನಾಗಿತ್ತು.

ಆ ಸಂಜೆ ಏನೂ ವಿಶೇಷ ಇರಲಿಲ್ಲ. ಎದುರು ಮನೆಯ ಟೀವಿಯಲ್ಲಿ ಸ್ವಾತಂತ್ರ್ಯದ ಸುವರ್ಣ ವರ್ಷದ ಹಾಡು, ಒಲೆಯ ಮೇಲೆ ಅವರೆಕಾಳು. ಅವಳು ಓದುತ್ತಿದ್ದ ದಪ್ಪ ಪುಸ್ತಕದಲ್ಲಿ ಒಬ್ಬ ಕರ್ನಲ್ ತನ್ನ ನಾಯಿಯ ಬಗ್ಗೆ ಎರಡು ಪುಟ ಬರೆದಿದ್ದ. ಬೆಸ್ಸಿ ಎಂದು ಅದರ ಹೆಸರು. ಹಾವು ಕಚ್ಚಿ ಸತ್ತಿತು. ಹೂತು ಮೇಲೆ ಹಲಗೆ ನೆಟ್ಟರು. “ಇದ್ರಲ್ಲೂ ಇಲ್ವಾ?” ಎಂದರು ಅಪ್ಪ, ಇನ್ನೂ ಅರ್ಧ ಪುಸ್ತಕ ಇರುವಾಗಲೇ, ಮೊದಲ ಸಲ ದಣಿದ ದನಿಯಲ್ಲಿ. ಯಶೋಧಾ, “ಇದೆ ಅಪ್ಪ, ಈಗ ಬಂತು,” ಎಂದಳು. ಬೆಸ್ಸಿಯ ಮೇಲೆ ಕಣ್ಣಿಟ್ಟು, ತಡವರಿಸದೆ, ಇಷ್ಟು ದಿನ ಓದಿದ ಜನರಲ್ಲುಗಳ ಗತ್ತಿನಲ್ಲೇ ಓದಿದಳು: ದೂರದ ಮೈಸೂರಿನ ಕಡೆಯಿಂದ ಬಂದ ಒಂದು ಕಂಪನಿ ಆ ಗುಡ್ಡದ ರಸ್ತೆಯನ್ನು ಹಿಡಿದು ನಿಲ್ಲಿಸಿತು, ರಾತ್ರಿಯ ಮಳೆಗೆ ಕುಸಿದದ್ದನ್ನು ಹಗಲು ಕಟ್ಟಿದರು, ಅವರು ಇಲ್ಲದಿದ್ದರೆ ನಮ್ಮ ಒಂದು ಲಾರಿಯೂ ಮುಂದಕ್ಕೆ ಹೋಗುತ್ತಿರಲಿಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಕೆಳಗಿನ ಹಲಗೆಯ ಪುಸ್ತಕಗಳ ರುಚಿ ನಾಲಿಗೆಗೆ ಹತ್ತಿತ್ತು. ಅವರಲ್ಲಿ ಒಬ್ಬ ಹುಡುಗ ಕಲ್ಲು ಹೊರುತ್ತ ಹಾಡುತ್ತಿದ್ದ, ಅವನ ಹಾಡು ಕೇಳಿದರೆ ಮಳೆ ನಿಂತಿದೆ ಎನ್ನಿಸುತ್ತಿತ್ತು ಎಂದೂ ಸೇರಿಸಿದಳು. ಹೇಳುವಾಗ ಅವಳಿಗೇ ಮೈ ಜುಮ್ಮೆಂದಿತು. ನಾಚಿಕೆ ಬಂದದ್ದು ಆಮೇಲೆ.

ಕಾಳು ಸೀದ ವಾಸನೆ ಬಂದರೂ ಇಬ್ಬರೂ ಏಳಲಿಲ್ಲ. “ಚಾಮಯ್ಯ,” ಎಂದರು ಅಪ್ಪ ಕೊನೆಗೆ. “ಅದು ನಮ್ ಚಾಮಯ್ಯನೇ ಕಣವ್ವ. ನಮ್ ದೊರೆಸ್ವಾಮಿಗೆ ಅಣ್ಣ.” ಚಾಮಯ್ಯ ಅಪ್ಪನ ಕೇರಿಯವನು, ಜೊತೆಯಲ್ಲೇ ಭರ್ತಿಯಾದವನು, ಗುಡ್ಡದಲ್ಲಿ ಜ್ವರ ಬಂದು ಸತ್ತವನು. ಅಪ್ಪ ಊರಿಗೆ ಬಂದು ಸುದ್ದಿ ಹೇಳಿದರೆ ಅವನ ತಾಯಿ ತಿಮ್ಮಮ್ಮ ನಂಬಿರಲಿಲ್ಲ. “ಬರ್ದಿರೋದು ಏನಾರಾ ತಂದಿದ್ದೀಯಾ? ತೋರ್ಸು,” ಎಂದು ಕೇಳಿದ್ದಳಂತೆ. ಸಾಯುವ ತನಕ ಸಂಜೆ ಒಂದು ಮುದ್ದೆ ಎತ್ತಿಟ್ಟಿರುತ್ತಿದ್ದಳಂತೆ. ಇದನ್ನೆಲ್ಲ ಯಶೋಧಾ ಕೇಳಿದ್ದು ಆ ಸಂಜೆಯೇ ಮೊದಲು. ಬಾಯಿಗೆ ಬಂದಂತೆ ಕಟ್ಟಿದ ಒಬ್ಬ ಹುಡುಗ ಕಣ್ಣೆದುರಿಗೆ ಹೆಸರು, ತಾಯಿ, ತಮ್ಮ ಎಲ್ಲ ಪಡೆದುಕೊಂಡು ಎದ್ದು ನಿಂತಾಗ ಅವಳಿಗೆ ಹೆದರಿಕೆಯಾಯಿತು. ಆಗಲೇ ಹೇಳಿಬಿಡಬೇಕಿತ್ತು. “ಆ ಪುಟದ ಮೂಲೆ ಮಡ್ಚು ಮಗಾ. ದೊರೆಸ್ವಾಮಿ ಬಂದು ನೋಡ್ಲಿ. ಅವ್ನಿಗೆ ಇಂಗ್ಲಿಷ್ ಬತ್ತದೆ,” ಎಂದರು ಅಪ್ಪ. ಅವಳು ಬೆಸ್ಸಿಯ ಪುಟದ ಮೂಲೆ ಮಡಚಿದಳು. ಅವರು ಕೈ ಚಾಚಿ, ಮಡಿಕೆಯನ್ನು ಹೆಬ್ಬೆರಳಿನಿಂದ ತೀಡಿ ಗಟ್ಟಿಮಾಡಿದರು.

ಪುಸ್ತಕ ವಾಪಸಾಯಿತು, ಬೇರೆ ಬಂತು, ಅದೂ ಹೋಯಿತು. ಅಪ್ಪ ಬಿಡಲಿಲ್ಲ. ನಿವೃತ್ತ ಹವಾಲ್ದಾರ್ ದೊರೆಸ್ವಾಮಿ ಇದ್ದದ್ದು ಕಡಕೊಳದಲ್ಲೇ, ಅವಳ ಫ್ಯಾಕ್ಟರಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. “ಹೇಳ್ದಾ? ಸಿಕ್ನಾ?” ಎಂದು ಅಪ್ಪ ಪ್ರತಿ ಸಂಜೆ ಕೇಳುವರು. ಸಿಕ್ಕಲಿಲ್ಲ, ಮರೆತೆ, ಬಸ್ಸು ಬಂದುಬಿಟ್ಟಿತು. ಕೊನೆಗೆ ಒಂದು ಸಂಜೆ ಬಸ್ ಸ್ಟಾಪಿನಲ್ಲಿ ದೊರೆಸ್ವಾಮಿ ಚಿಕ್ಕಪ್ಪ ತಾವಾಗಿಯೇ ಎದುರಾದರು. ಇಸ್ತ್ರಿ ಮಾಡಿದ ಬಿಳಿ ಷರಟು, ಕೈಯಲ್ಲಿ ಸೊಪ್ಪಿನ ಚೀಲ. ಹೇಳದೆ ಇರಲು ಕಾರಣ ಉಳಿದಿರಲಿಲ್ಲ. ಒಂದು ಪುಸ್ತಕದಲ್ಲಿ ನಿಮ್ಮಣ್ಣನ ವಿಚಾರ ಇದೆ ಅಂತ ಅಪ್ಪ ಹೇಳೋಕೆ ಹೇಳಿದ್ರು ಎಂದಳು; ‘ಅಪ್ಪ ಹೇಳೋಕೆ ಹೇಳಿದ್ರು’ ಎಂಬುದರ ಮರೆಗೆ ನಿಂತುಕೊಂಡಳು. ದೊರೆಸ್ವಾಮಿ ಚೀಲವನ್ನು ನೆಲದ ಮೇಲಿಟ್ಟರು. ಬಸ್ಸು ಬಂದು ನಿಂತು ಹೊರಟುಹೋಯಿತು.

“ಹೆಸ್ರು ಹಾಕವ್ರಾ?” ಎಂದರು.

“ಹೆಸರಿಲ್ಲ ಚಿಕ್ಕಪ್ಪ.”

ಆ ಪುಸ್ತಕದ ಬಗ್ಗೆ ಅವಳು ಹೇಳಿದ ನಿಜ ಅದೊಂದೇ. “ಇರ್ಲಿ,” ಎಂದರು ಅವರು. “ಭಾನ್ವಾರ ಬತ್ತೀನಿ ಅಂತ ಬಸಯ್ಯಣ್ಣಂಗೆ ಹೇಳು.”

ನಾಳೆ ಭಾನುವಾರ. ಪುಸ್ತಕ ಕಪಾಟಿನಲ್ಲೇ ಇತ್ತು, ಅವಳೇ ಇಟ್ಟ ಜಾಗದಲ್ಲಿ. ತೆಗೆದು ನೋಡಿದರೆ ಮೂಲೆ ಮಡಚಿದ್ದು ಹಾಗೇ ಇತ್ತು, ಅಪ್ಪನ ಹೆಬ್ಬೆರಳು ತೀಡಿದ ಕಡೆ ಕಾಗದ ಹೊಳೆಯುತ್ತಿತ್ತು. ಬಿಡಿಸಿ ಸವರಿದಳು, ಗೆರೆ ಹೋಗಲಿಲ್ಲ. ಮಾರಿಹೋಗಿದೆ ಅಪ್ಪ, ಯಾರೋ ಒಯ್ದಿದ್ದಾರೆ ಅಪ್ಪ ಎಂಬ ಮಾತುಗಳನ್ನು ಮನಸ್ಸಿನಲ್ಲೇ ಒಂದೆರಡು ಸಲ ಹೇಳಿ ನೋಡಿಕೊಂಡಳು. ಸಲೀಸಾಗಿ ಬರುತ್ತಿದ್ದವು. ಮೇಜರ್ ಮಗಳು ಪಳಗಿದ್ದಳು. ಪುಸ್ತಕವನ್ನು ಸಾಲಿನ ಹಿಂದಕ್ಕೆ, ಗೋಡೆಗೆ ತಾಗುವಂತೆ ತಳ್ಳಿ, ಮುಂದೆ ಎರಡು ರೆಜಿಮೆಂಟುಗಳನ್ನು ಅಡ್ಡ ನಿಲ್ಲಿಸಿ, ಕೆಳಗಿನ ಹಲಗೆಯಿಂದ ಕೈಗೆ ಸಿಕ್ಕ ಒಂದು ಪ್ರೇಮಕಥೆ ಎತ್ತಿಕೊಂಡು ಕೌಂಟರಿಗೆ ಬಂದಳು.

“ಮೇಜರ್ ಸಾಹೇಬ್ರಿಗೆ ಏನೂ ಇಲ್ವಾ ಈ ವಾರ?” ಎಂದರು ಷಡಕ್ಷರಿ. ಕೋಟಿನ ಮುದುಕರು ಇವತ್ತೂ ಇದ್ದರು. ಅಪ್ಪನ ವಯಸ್ಸಿನವರೇ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವರೂ ಉತ್ತರಕ್ಕೆ ಕಾದರು. ಆ ಕಾಯುವಿಕೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಇತ್ತು ಎಂದು ತಾನೇ ಇಷ್ಟು ದಿನ ಅಂದುಕೊಂಡಿದ್ದೇನೋ ಎಂದು ಯಶೋಧಾಗೆ ಅನುಮಾನವಾಯಿತು.

“ನಮ್ಮಪ್ಪ ಮೇಜರ್ ಅಲ್ಲ ಸರ್. ಪಯೋನಿಯರ್ ಕಂಪನೀಲಿ ರಸ್ತೆ ಕೆಲಸ ಮಾಡ್ತಿದ್ರು.”

“ಓ, ಹಂಗಾ,” ಎಂದರು ಷಡಕ್ಷರಿ, ಒಂದು ಬಗೆಯ ಬೇಸರದಿಂದ. ಅವರಿಗೂ ಒಬ್ಬ ಮೇಜರ್ ಕಡಿಮೆಯಾದಂತಾಗಿತ್ತು. ಮುದುಕರು ಪುಟ ತಿರುವಿದರು. ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಯಶೋಧಾ ಪ್ರೇಮಕಥೆಯನ್ನು ಕೌಂಟರಿನ ಮೇಲೇ ಬಿಟ್ಟು ಹಿಂದಕ್ಕೆ ಹೋಗಿ, ರೆಜಿಮೆಂಟುಗಳನ್ನು ಸರಿಸಿ, ಗೋಡೆಗೆ ಒತ್ತಿದ್ದ ಪುಸ್ತಕವನ್ನು ಎಳೆದು ತಂದಳು. ನಾಳೆ ದೊರೆಸ್ವಾಮಿ ಚಿಕ್ಕಪ್ಪನನ್ನು ಬಸ್ ಸ್ಟಾಪಿನಲ್ಲೇ ಹಿಡಿದು, ಮನೆಗೆ ನಡೆಯುವ ದಾರಿಯಲ್ಲಿ ಎಲ್ಲ ಹೇಳಿಬಿಡುವುದು ಎಂದು ನಿಶ್ಚಯಿಸಿದಳು. ಅವರು ಬೈದರೆ ಬೈಯಲಿ. ಅಪ್ಪನಿಗೆ ಏನು ಹೇಳುವುದು ಎಂದು ಇಬ್ಬರೂ ಸೇರಿ ಯೋಚಿಸಬಹುದು.

ಭಾನುವಾರ ಬೆಳಿಗ್ಗೆ ಕೊತ್ತಂಬರಿ ಸೊಪ್ಪಿನ ನೆಪ ಹೇಳಿ ಹೋಗಿ ಬಸ್ ಸ್ಟಾಪಿನಲ್ಲಿ ನಿಂತಳು. ಹೇಳಬೇಕಾದ ಮೊದಲ ವಾಕ್ಯವನ್ನು ತಿದ್ದಿ ತಿದ್ದಿ ಸಿದ್ಧ ಮಾಡಿದ್ದಳು. ಬಸ್ಸುಗಳು ಬಂದವು, ದೊರೆಸ್ವಾಮಿ ಇಳಿಯಲಿಲ್ಲ. ಬರುವುದಿಲ್ಲವೇನೋ ಎಂಬ ಆಸೆ ಮೊಳೆತು, ಆ ಆಸೆಯ ಬಗ್ಗೆಯೇ ಬೇಸರಪಟ್ಟುಕೊಂಡು ಮನೆಗೆ ಬಂದರೆ ಬಾಗಿಲಲ್ಲಿ ಪಾಲಿಶ್ ಮಾಡಿದ ಕಪ್ಪು ಚಪ್ಪಲಿ ಜೋಡಿಯಾಗಿ ಬಿಟ್ಟಿದ್ದವು. ದೊರೆಸ್ವಾಮಿ ತಮ್ಮ ಪಕ್ಕದ ಮನೆಯವರ ಸ್ಕೂಟರಿನಲ್ಲಿ ಬಂದಿದ್ದರು. ಅಪ್ಪ ಒಗೆದ ಪಂಚೆಯುಟ್ಟು ಕುರ್ಚಿಯ ಅಂಚಿಗೆ ಕೂತಿದ್ದರು. ಪುಸ್ತಕ ಆಗಲೇ ದೊರೆಸ್ವಾಮಿಯವರ ತೊಡೆಯ ಮೇಲಿತ್ತು.

“ಬಾ ಯಶೋ, ನಿಂಗೇ ಕಾಯ್ತಿದ್ವಿ,” ಎಂದರು ಅಪ್ಪ. “ನೀನು ಓದ್ದಾಗ ಕೇಳಿದ್ದೆ. ಈವತ್ತು ಅವ್ನ ಬಾಯಲ್ಲಿ ಕೇಳ್ಬೇಕು. ಓದ್ಲಾ ದೊರೆ, ಮೂಲೆ ಮಡ್ಚಿರೋ ಪುಟ ನೋಡು.”

“ಚಿಕ್ಕಪ್ಪ, ಒಂದ್ನಿಮಿಷ ಅಡಿಗೆಮನೆಗೆ ಬರ್ತೀರಾ? ಗ್ಯಾಸು...” ಎಂದಳು ಯಶೋಧಾ.

“ಆಮ್ಯಾಕೆ ಬುಡವ್ವ ಗ್ಯಾಸು,” ಎಂದರು ಅಪ್ಪ.

ದೊರೆಸ್ವಾಮಿ ಕನ್ನಡಕ ಹಾಕಿಕೊಂಡರು. ಮಡಿಕೆಯ ಕಡೆ ಬಿಡಿಸಿದರು. ಯಶೋಧಾ ಗೋಡೆಗೆ ಒರಗಿ, ಕೊತ್ತಂಬರಿ ಕಟ್ಟನ್ನು ಹಿಡಿದುಕೊಂಡೇ ಅವರ ಕಣ್ಣುಗಳು ಎಡದಿಂದ ಬಲಕ್ಕೆ ಹೋಗುವುದನ್ನು ನೋಡಿದಳು. ಪುಟದ ಕೆಳಗಿನ ತನಕ ಹೋದವು. ಎದುರು ಪುಟಕ್ಕೆ ಹೋದವು. ಒಮ್ಮೆ ಹಿಂದಿನ ಪುಟ ತಿರುವಿದರು, ಮತ್ತೆ ಮಡಿಕೆಗೇ ಬಂದರು. ಆಮೇಲೆ ತಲೆಯೆತ್ತಿ ಅವಳನ್ನು ನೋಡಿದರು. ಸಿಟ್ಟಿನ ನೋಟವಲ್ಲ. ರೋಲ್‌ಕಾಲಿನಲ್ಲಿ ಹೆಸರು ಕರೆದು ಉತ್ತರ ಬಾರದೆ ಇದ್ದಾಗ ಇನ್ನೊಂದು ಗಳಿಗೆ ಕಾಯುವವರ ನೋಟ. ಅವಳು ತಲೆ ತಗ್ಗಿಸಿದಳು.

“ಸಿಕ್ತಾ?” ಎಂದರು ಅಪ್ಪ.

“ಸಿಕ್ತು ಬಸಯ್ಯಣ್ಣ.” ದೊರೆಸ್ವಾಮಿ ಗಂಟಲು ಸರಿಮಾಡಿಕೊಂಡರು. ಬೆನ್ನು ನೆಟ್ಟಗೆ ಮಾಡಿ, ಬೆರಳನ್ನು ಸಾಲಿನ ಕೆಳಗೆ ಇಟ್ಟು, ನಿಧಾನವಾಗಿ ಓದಿದರು. “ಮೈಸೂರು ಕಡೆಯಿಂದ ಬಂದ ಒಂದು ಕಂಪನಿ. ಗುಡ್ಡದ ರಸ್ತೆ. ಮಳೆಗೆ ಕುಸೀತಿತ್ತು, ಇವರು ಕಟ್ಟೋರು. ಇವರು ಇಲ್ಲದಿದ್ರೆ ಲಾರಿ ಮುಂದಕ್ಕೆ ಹೋಗ್ತಿರ್ಲಿಲ್ಲ.” ತುಸು ಹೊತ್ತಿನ ಮುಂಚೆ ಅಪ್ಪ ಬಾಯಲ್ಲೇ ಹೇಳಿರಬೇಕು, ಒಂದು ಮಾತೂ ತಪ್ಪಲಿಲ್ಲ. ಬೆರಳು ಬೆಸ್ಸಿಯ ಮೇಲೆ ಸರಿಯುತ್ತಿತ್ತು. “ಅವರಲ್ಲಿ ಒಬ್ಬ ಹುಡುಗ,” ಎಂದು ಓದಿ ನಿಂತರು. ನಿಂತದ್ದು ಸ್ವಲ್ಪ ಹೆಚ್ಚೇ ಆಯಿತು. “ಒಬ್ಬ ಹುಡುಗ ಕಲ್ಲು ಹೊರ್ತಾ ಹಾಡ್ತಿದ್ದ. ಅವನ ಹಾಡು ಕೇಳಿದ್ರೆ ಮಳೆ ನಿಂತಂಗೆ ಆಗ್ತಿತ್ತು.”

“ನೋಡ್ದಾ?” ಎಂದರು ಅಪ್ಪ. ಕಾಣದ ಕಣ್ಣುಗಳಿಂದ ನೀರು ಧಾರಾಳವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ನಿಮ್ಮವ್ವ ಕೇಳಿದ್ಲಲ್ಲ, ಬರ್ದಿರೋದು ಎಲ್ಲಿ ಅಂತ. ತಡ ಆಯ್ತು ಅಷ್ಟೇ ಕಣ್ಲಾ.”

ಮೂವರೂ ಊಟ ಮಾಡಿದರು. ಮಾತು ರಾಗಿಯ ಬೆಲೆಗೆ ಹೋಯಿತು, ಫ್ಯಾಕ್ಟರಿಯ ಬೋನಸ್ಸಿಗೆ ಹೋಯಿತು. ದೊರೆಸ್ವಾಮಿ ಎರಡನೆಯ ಸಲ ಸಾರು ಹಾಕಿಸಿಕೊಂಡರು. ಅವರು ಹೊರಟಾಗ ಯಶೋಧಾ ಗೇಟಿನ ತನಕ ಹೋದಳು. ಸಿದ್ಧ ಮಾಡಿಟ್ಟುಕೊಂಡಿದ್ದ ಮೊದಲ ವಾಕ್ಯ ಈಗ ಯಾವ ಕೆಲಸಕ್ಕೂ ಬರುವಂತಿರಲಿಲ್ಲ.

“ತಪ್ಪಾಯ್ತು ಚಿಕ್ಕಪ್ಪ,” ಎಂದಳು.

ದೊರೆಸ್ವಾಮಿ ಗೇಟಿನ ಚಿಲಕವನ್ನು ತೆಗೆದು ಹಾಕಿ ಮಾಡಿದರು. “ನಮ್ಮಣ್ಣ ಹಾಡ್ತಿರ್ಲಿಲ್ಲ ಕಣಮ್ಮ. ಮಾತೇ ಕಮ್ಮಿ ಅವ್ನಿಗೆ. ನಾನು ಆಗ ಚಿಕ್ಕೋನು, ಹೆಗಲ್ ಮೇಲೆ ಕೂರಿಸ್ಕಂಡು ಹೊಳೆಗೆ ಕರ್ಕೊಂಡು ಹೋಗೋನು, ಹೋಗ್ತಾ ಒಂದ್ ಮಾತಿಲ್ಲ, ಬರ್ತಾ ಒಂದ್ ಮಾತಿಲ್ಲ.” ಚಿಲಕ ಬಿಟ್ಟು ಅವಳ ಕಡೆ ತಿರುಗಿದರು. “ಆ ಪುಟದಾಗೆ ನಾಯಿಗೂ ಹೆಸ್ರದೆ.”

“ಹೂಂ.”

“ಓದುವಾಗ ನಾನೇ ಅವ್ನ ಹೆಸ್ರು ಹೇಳ್ಬುಡಾನ ಅಂತ ನೋಡ್ದೆ. ಆಗ್ಲಿಲ್ಲ. ಇನ್ನೊಂದ್ಸಲ ನೀನು ಓದ್ತೀಯಲ್ಲ, ಆಗ ಹೆಸ್ರು ಹಾಕು. ಚಾಮಯ್ಯ ಅಂತ.” ಪಕ್ಕದ ರಸ್ತೆಯಿಂದ ಸ್ಕೂಟರಿನ ಹಾರ್ನ್ ಕೇಳಿಸಿತು. ಅವರು ಷರಟಿನ ತೋಳು ಸರಿಮಾಡಿಕೊಂಡು ಆ ಕಡೆ ನಡೆದರು.

ಒಳಗೆ ಅಪ್ಪ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಮಡಿಕೆಯನ್ನು ಬೆರಳಿನಿಂದ ಹುಡುಕುತ್ತಿದ್ದರು. “ವಾಪಸ್ ಕೊಡೋ ಮುಂಚೆ ಇನ್ನೊಂದ್ಸಲ ಓದು ಮಗಾ,” ಎಂದರು. ಯಶೋಧಾ ಎದುರಿಗೆ ಕೂತಳು. ಹಾವು ಕಚ್ಚಿದ ಬೆಸ್ಸಿ ಅಲ್ಲೇ ಇತ್ತು, ಅದರ ಹಲಗೆಯೂ ಇತ್ತು. ಅವಳು ಮಳೆಯಿಂದ ಶುರುಮಾಡಿ, ರಸ್ತೆ ದಾಟಿ, ಲಾರಿಗಳನ್ನು ಮುಂದಕ್ಕೆ ಕಳಿಸಿ, ಅಲ್ಲಿಗೆ ಬಂದಳು.

“ಅವರಲ್ಲಿ ಚಾಮಯ್ಯ ಎಂಬ ಒಬ್ಬ ಹುಡುಗ,” ಎಂದು ಓದಿದಳು.

ಅಪ್ಪ ಕೈಯೆತ್ತಿ ತಡೆದರು. “ಹೋದ್ಸಲ ಹೆಸ್ರಿರ್ಲಿಲ್ವಲ್ಲ?”

“ಇತ್ತಪ್ಪ. ಆವತ್ತು ನಾನೇ ಬಿಟ್ಬುಟ್ಟಿದ್ದೆ, ಈವತ್ತು ಚಿಕ್ಕಪ್ಪಂಗೆ ಓದೋಕಾಗ್ಲಿಲ್ಲ.”

“ಬುಡಬಾರ್ದು ಕಣವ್ವ,” ಎಂದರು ಅಪ್ಪ, ಮೆಲ್ಲಗೆ. “ಹೆಸ್ರ ಮಾತ್ರ ಬುಡಬಾರ್ದು. ಮುಂದಕ್ಕೆ ಓದು.”